ಮೂರು ಕೂಗು, ಒಂದು ರೈಟ್

ತೆಂಗಿನಮರ ಹತ್ತುವವನ ಕಣ್ಣಿಗೆ ಊರು ಬೇರೆಯೇ ಥರ ಕಾಣುತ್ತದೆ. ಕೆಳಗೆ ನಿಂತವರಿಗೆ ಗೋಡೆ ಕಂಡರೆ ನಮಗೆ ಗೋಡೆಯಾಚೆಯದೂ ಕಾಣುತ್ತದೆ. ಯಾರ ಮನೆಯ ಹೆಂಚು ಒಡೆದಿದೆ, ಯಾರ ಹಿತ್ತಲಲ್ಲಿ ಹುರುಳಿ ಒಣಗುತ್ತಿದೆ, ಯಾರು ಪಕ್ಕದವನ ಬದುವಿಗೆ ಒಂದು ಸಾಲು ಹೆಚ್ಚಾಗಿ ಉತ್ತಿದ್ದಾನೆ, ಎಲ್ಲವೂ ಗೊತ್ತಾಗುತ್ತದೆ. ಏಳನೆಯ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟು ಮಚ್ಚು ಹಿಡಿದವನು ನಾನು. ಮುಳ್ಳೂರಿನ ಸುತ್ತಮುತ್ತ ನಾನು ಹತ್ತದ ಮರ ಇಲ್ಲ. ನಾನು ಗೊನೆ ಇಳಿಸಿದರೆ ಒಂದು ಕಾಯಿಯೂ ಬಿರುಕು ಬಿಡುವುದಿಲ್ಲ ಎಂದು ಜನ ಹೇಳುತ್ತಾರೆ. ಅದು ನಿಜ, ಆದ್ದರಿಂದ ನಾನೂ ಹೇಳುತ್ತೇನೆ.

ಊರನ್ನು ಹೀಗೆ ಮೇಲಿಂದ ನೋಡುವ ಇನ್ನೊಬ್ಬರ ಸ್ನೇಹ ನನಗೆ ನಡುವಯಸ್ಸಿನಲ್ಲಿ ಸಿಕ್ಕಿತು. ಅವರು ಮರ ಹತ್ತುತ್ತಿರಲಿಲ್ಲ, ಡ್ರೋನ್ ಹಾರಿಸುತ್ತಿದ್ದರು. ಕಳೆದ ತಿಂಗಳು ಕಾಮಗೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ: "ಎದೆ ಮ್ಯಾಲೆ ಬಿಲ್ಲೆ ಇತ್ತು, ಬಿಲ್ಲೆ ಮ್ಯಾಲೆ ನಂಬ್ರ ಇತ್ತು. ಜನ ಕಂಡಕ್ಟ್ರೇ ಅಂದ್ರು, ನಾನು ಓ ಅಂದೆ. ಎಸ್ರು ತಕಂಡು ಏನ್ಮಾಡೀಯಯ್ಯ?" ಹಾಗಾಗಿ ನನಗೂ ಅವರು ಕಂಡಕ್ಟರೇ.

ಕೊಳ್ಳೇಗಾಲದಿಂದ ಕಾಮಗೆರೆ ಮೇಲೆ ಹನೂರಿಗೆ ಹೋಗುವ ಬಸ್ಸಿನಲ್ಲೇ ಅವರ ಆಯಸ್ಸೆಲ್ಲ ಕಳೆದಿತ್ತು. ನಮ್ಮ ಮುಳ್ಳೂರಿನ ದಾರಿಗೆ ಅವರ ಬಸ್ಸು ಬರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಸಪಾಟು ನೆಲದ ಮೇಲೂ ಕಾಲನ್ನು ಅಗಲಿಸಿಕೊಂಡು, ಎಲ್ಲಿ ಬ್ರೇಕ್ ಬೀಳುತ್ತದೋ ಎಂಬಂತೆ ನಿಲ್ಲುತ್ತಿದ್ದರು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವರು. ಕಿವಿಯ ಸಂದಿಯಲ್ಲಿ ಒಂದು ಕೆಂಪು ಪೆನ್ಸಿಲ್ ಇದ್ದೇ ಇರುತ್ತಿತ್ತು. ಮದುವೆಮನೆಯಲ್ಲಿ ಊಟದ ಸಾಲು ಗಜಿಬಿಜಿಯಾದರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ. "ಒಳಕ್ಕೋಗಿ, ಒಳಕ್ಕೋಗಿ, ಮುಂದ್ಕೆ ಜಾಗ ಅದೆ" ಎಂದು ಯಾರದೋ ಮದುವೆಯ ಜನರನ್ನು ತಾವೇ ತಳ್ಳಿ ಕೂರಿಸಿಬಿಡುವರು.

ಡ್ರೋನ್ ಅನ್ನು ಮಗಳು ಮೈಸೂರಿನಿಂದ ತಂದುಕೊಟ್ಟಿದ್ದಳು. ಅಂಗೈಯಲ್ಲಿ ಕೂರುವಷ್ಟು ಪುಟ್ಟದು, ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೆ ಕಡಲೆಬೀಜದಷ್ಟು ಕ್ಯಾಮರಾ ಕಣ್ಣು. ಈ ವಯಸ್ಸಿನಲ್ಲಿ ಇದೇಕೆ ಎಂದು ಒಮ್ಮೆ ಕೇಳಿದ್ದೆ.

"ಮೂವತ್ತು ವರ್ಸ ಒಂದೇ ರಸ್ತೇಲಿ ಓಡಾಡಿವ್ನಿ ಕಣಯ್ಯ. ರಸ್ತೆ ಎಂಗದೆ ಅಂತ ಒಂದಿನಾನೂ ನೋಡಿಲ್ಲ. ಡ್ರೈವರ್ ನೋಡ್ದ, ಕಿಟಕಿ ಪಕ್ಕ ಕೂತೋರು ನೋಡಿದ್ರು. ನಾನು ನೋಡಿದ್ದು ಬರೀ ಕೈ, ಚೀಲ, ಕೋಳಿ."

ಹಾಗೆಂದು ಸಿಕ್ಕಸಿಕ್ಕಲ್ಲಿ ಹಾರಿಸುವ ಜನ ಅವರಲ್ಲ. ಡ್ರೋನಿಗೆ ಸರ್ಕಾರ ಏನೇನು ನಿಯಮ ಮಾಡಿದೆಯೋ ಅಷ್ಟನ್ನೂ ಕನ್ನಡದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ದರಪಟ್ಟಿ ಇಟ್ಟುಕೊಂಡಂತೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಡ್ರೋನಿಗೆ ನಂಬರು ಮಾಡಿಸಿ ಅದರ ಹೊಟ್ಟೆಗೆ ಅಂಟಿಸಿದ್ದರು. ಹಾರಿಸುವ ಮೊದಲು ಫೋನಿನಲ್ಲಿ ನಕ್ಷೆ ತೆಗೆದು ಆ ಜಾಗ ಹಸಿರು ಇದೆಯೋ, ಹಳದಿಯೋ, ಕೆಂಪೋ ನೋಡುವರು. ಹಸಿರಿದ್ದರೆ ನಾನೂರು ಅಡಿಯವರೆಗೆ ಹೋಗಬಹುದು. ಇವರು ನೂರೈವತ್ತು ದಾಟುತ್ತಿರಲಿಲ್ಲ. ಜನರ ಗುಂಪಿನ ಮೇಲೆ ಇಲ್ಲ, ಕಣ್ಣಿಗೆ ಕಾಣದಷ್ಟು ದೂರ ಇಲ್ಲ, ಹೊತ್ತು ಮುಳುಗಿದ ಮೇಲಂತೂ ಇಲ್ಲವೇ ಇಲ್ಲ. ಪ್ರತಿ ಸಲ ಹಾರಿಸಿದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುವರು: ಊರು, ಹೊತ್ತು, ಎತ್ತರ, ಗಾಳಿ.

ಹನೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ಹುಡುಗರು ಇವರನ್ನು ಕಂಡರೆ ರೇಗಿಸುತ್ತಿದ್ದರು. "ಕಂಡಕ್ಟ್ರೇ, ಗಾಳಿಗೂ ಟಿಕೆಟ್ ಅರೀತೀರಾ?"

"ಅರೀತೀನಿ ಕಣ್ಲಾ. ನೀನು ಟಿಕೆಟ್ ಇಲ್ದೆ ಅತ್ತಿದ್ದೀಯೆ. ಚೆಕಿಂಗ್ನೋರು ಬರೋಗಂಟ ಕಿಟಕಿ ಪಕ್ಕ ಕೂತು ಗಾಳಿ ಕುಡಿ."

ಅವರದೇ ಇನ್ನೊಂದು ಮಾತಿತ್ತು. "ರೂಲ್ಸು ಅನ್ನೋದು ಬಸ್ಸೊಳಗಿನ ಕಂಬಿ ಇದ್ದಂಗೆ. ಬಸ್ಸು ಸುಮ್ನೆ ಓಯ್ತಿರ್ಬೇಕಾದ್ರೆ ಅದು ಅಡ್ಡ ಅನ್ಸ್ತದೆ. ಬ್ರೇಕ್ ಆಕ್ದಾಗ ಎಲ್ರೂ ಅದ್ನೇ ತಬ್ಬೋದು."

ಇಂಥ ಮನುಷ್ಯನನ್ನು ನಾನು ಮೊದಲು ಕಂಡದ್ದು ಜನ ಕಾಲರ್ ಹಿಡಿದು ನಿಲ್ಲಿಸಿದ್ದಾಗ.

ಅವತ್ತು ಮುಂಗಾರಿನ ಹೊಸತು. ಗಾಳಿ ಜೋರಿತ್ತು. ನಾನು ಕೆರೆ ಹಿಂದಿನ ತೋಟದಲ್ಲಿ ಕಾಯಿ ಇಳಿಸುತ್ತಿದ್ದಾಗ ಪುಟ್ಟಮಾದಮ್ಮ ಓಡಿ ಬಂದಳು. ಕೂಲಿ ಮಾಡಿ ಮಗನನ್ನು ಬೆಳೆಸಿದ ಗಟ್ಟಿಗಿತ್ತಿ ಅವಳು. ಆಚೆ ವರ್ಷವಷ್ಟೇ ಮನೆಗೆ ಸೊಸೆ ತಂದಿದ್ದಳು.

"ಬಿರ್ನೆ ಬಾ ತಮ್ಮ. ನಮ್ಮಟ್ಟಿ ತೆಂಗಿನ್ಮರದಲ್ಲಿ ಕಣ್ಣು ಕೂತದೆ. ಕೂಸು ನೀರುಯ್ಕತಾ ಇದ್ಲು. ಇಳ್ಸಿ ಕೊಡು, ಒಲೆಗಿಕ್ಕುತೀನಿ!"

ಹೋಗಿ ನೋಡಿದರೆ ಹಟ್ಟಿಯ ತುಂಬ ಜನ. ಪುಟ್ಟಮಾದಮ್ಮನ ಬಚ್ಚಲಿಗೆ ಮೂರು ಕಡೆ ತೆಂಗಿನ ಗರಿಯ ತಡಿಕೆ, ನಾಲ್ಕನೆಯ ಕಡೆ ಮನೆ ಗೋಡೆ, ಮೇಲೆ ಬರೀ ಆಕಾಶ. ಹೊಲದಲ್ಲಿ ಕಳೆ ಕಿತ್ತು ಬಂದ ಸೊಸೆ ಸ್ನಾನ ಮಾಡುತ್ತಿದ್ದಾಗ ತಲೆಯ ಮೇಲೆ ಜೇನು ಎದ್ದಂಥ ಸದ್ದು ಬಂದಿದೆ. ಕೆರೆಯ ಮೇಲೆ ಹಾರುತ್ತಿದ್ದ ಡ್ರೋನ್ ಗಾಳಿಗೆ ಸಿಕ್ಕಿ ಇತ್ತ ಬಂದು ಗರಿಗಳ ನಡುವೆ ಸಿಕ್ಕಿಕೊಂಡಿದೆ. ಹುಡುಗಿ ಚೀರಿಕೊಂಡು ಒಳಗೆ ಓಡಿದ್ದಾಳೆ.

ಬೇಲಿಯ ಹತ್ತಿರ ಇವರು ನಿಂತಿದ್ದರು. ಓಡಿಹೋಗಿರಲಿಲ್ಲ. ಡ್ರೋನ್ ನನ್ನದೇ ಎಂದು ತಾವೇ ನಡೆದು ಬಂದಿದ್ದರಂತೆ. ಅಂಗಿಯ ಗುಂಡಿ ಎರಡು ಕಿತ್ತಿತ್ತು. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಬಲಗೈ. ಫೋನಿನ ಮುಖವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಮೇಲಿನ ಕ್ಯಾಮರಾ ಇನ್ನೂ ಬದುಕಿತ್ತು, ಅದರ ಕಣ್ಣು ಹಟ್ಟಿಯ ಕಡೆಗೇ ಇತ್ತು. ಅದು ಕಂಡದ್ದೆಲ್ಲ ಫೋನಿನಲ್ಲಿ ಮೂಡುತ್ತದೆ. ಯಾರಿಗೂ ಕಾಣದಿರಲಿ, ತಮಗೂ ಕಾಣದಿರಲಿ ಎಂದು ಅವರು ಹಾಗೆ ಒತ್ತಿಕೊಂಡಿದ್ದರು. ಜನ ಅದನ್ನೇ ಕಳ್ಳತನ ಅಂದುಕೊಂಡರು.

"ನೋಡ್ರೋ, ಎಂಗೆ ಮುಚ್ಚಿಡ್ತಾವ್ನೆ! ತಲೆ ನರೆತದೆ, ನಾಚ್ಕೆ ಇಲ್ಲ."

"ಅಮ್ಮಾ, ನಕ್ಸೆ ನೋಡೇ ಆರ್ಸಿದ್ದು. ಅಸ್ರು ಜಾಗ ಇದು. ಎತ್ರ ನೂರಡಿ. ನಂಬ್ರ ಅಂಟ್ಸಿವ್ನಿ. ಒಂದು ರೂಲ್ಸೂ ಮೀರಿಲ್ಲ" ಎಂದು ಇವರು ಜೇಬಿನಿಂದ ಆ ಮಡಚಿದ ಕಾಗದ ತೆಗೆದರು.

ಪುಟ್ಟಮಾದಮ್ಮ ಕಾಗದದ ಕಡೆ ನೋಡಲೂ ಇಲ್ಲ. "ನಿನ್ನ ಸರ್ಕಾರದ ಕಾಗ್ದ ನನ್ ಬಚ್ಲುಗೆ ಸೂರಾಯ್ತದಾ?"

ಅವರು ಕಾಗದ ಮಡಚಿ ಒಳಗಿಟ್ಟರು.

ನಾನು ಹಗ್ಗ ತೆಗೆದುಕೊಂಡು ಮರದ ಬುಡಕ್ಕೆ ಹೋದೆ. ರೂಢಿಯಂತೆ ಎರಡೂ ಕೈಯನ್ನು ಬಾಯಿಗೆ ಇಟ್ಟು ಕೂಗಿದೆ. "ಮರ ಅತ್ತೀನಿ ಕಣ್ರವ್ವೋ... ಒಳಗೋಗ್ರವ್ವೋ..." ಹೀಗೆ ಮೂರು ಸಲ. ಆಮೇಲೆ ಕಾದೆ. ಪಕ್ಕದ ಹಿತ್ತಲಿಂದ ಒಬ್ಬಳು, ಹಿಂದಿನ ಮನೆಯಿಂದ ಇನ್ನೊಬ್ಬಳು, "ಅತ್ತಣ್ಣೋ" ಎಂದರು. ಕೊನೆಗೆ ಒಳಗಿನಿಂದ ಆ ಸೊಸೆಯ ಸಣ್ಣ ದನಿಯೂ ಬಂತು. ಆಗ ಕಾಲಿಗೆ ಹಗ್ಗ ಹಾಕಿ ಹತ್ತಿದೆ.

ಅರ್ಧ ಮರ ಏರಿದ್ದೆ, ಕೆಳಗಿನಿಂದ ಅವರು ಕೂಗಿದರು. "ತಮ್ಮಾ, ಮೊದ್ಲು ಅದ್ರ ಕಣ್ಣಿಗೆ ಟವಲ್ ಮುಚ್ಚು! ಆಮೇಲೆ ಬಿಡ್ಸು!"

ಅವತ್ತು ನನಗೆ ಈ ಮನುಷ್ಯನ ಮೇಲಿನ ಅನುಮಾನ ಹೋದದ್ದು ಆ ಮಾತಿಗೇ. ಅಷ್ಟು ಜನರ ನಡುವೆ ಕಾಲರ್ ಹಿಡಿಸಿಕೊಂಡು ನಿಂತವನು ರೆಕ್ಕೆ ಮುರಿಯದಂತೆ ನೋಡಿಕೋ ಎನ್ನಲಿಲ್ಲ. ಕಣ್ಣು ಮುಚ್ಚು ಎಂದ.

ಇಳಿದು ಬಂದು ಟವಲಿನಲ್ಲಿ ಸುತ್ತಿದ ಡ್ರೋನ್ ಕೊಟ್ಟೆ. ಅವರು ಅದನ್ನು ತಿರುಗಿಸಿ ಕೂಡ ನೋಡಲಿಲ್ಲ.

"ಅದೇನಯ್ಯ ನೀನು ಕೂಗಿದ್ದು?"

"ನಮ್ಮ ಪದ್ದತಿ ಸಾ. ಮ್ಯಾಲಿಂದ ಬಚ್ಲು ಕಾಣ್ತದೆ. ಎಂಗುಸ್ರು ಇರ್ತಾರೆ. ಮೂರು ಸಲ ಕೂಗ್ಬೇಕು. ಅವ್ರು ಅತ್ತು ಅನ್ಬೇಕು. ಅನ್ನದಿದ್ರೆ ಅತ್ತಂಗಿಲ್ಲ. ಕೂಗ್ದೆ ಅತ್ತಿದೋನ್ಗೆ ನಮ್ ಕಡೆ ಇನ್ನೊಂದು ಮರ ಕೊಡಾಕಿಲ್ಲ. ನಮ್ಮಪ್ಪ ಏಳ್ಕೊಟ್ಟಿದ್ದು."

ಅವರು ಪುಟ್ಟಮಾದಮ್ಮನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ತಪ್ಪು ನಂದೇ ಕಣವ್ವ. ಮೂವತ್ತು ವರ್ಸ ರೈಟ್ ಅನ್ನದೆ ಒಂದು ಬಸ್ಸು ಬುಟ್ಟೋನಲ್ಲ ನಾನು. ಒಬ್ಳು ಮುದ್ಕಿ ಕಾಲು ಮೆಟ್ಲ ಮ್ಯಾಲಿದ್ರೂ ಕಾದಿವ್ನಿ. ಇವತ್ತು ಕೆಳ್ಗೆ ಯಾರವ್ರೆ ಅಂತ ಕೇಳ್ದೇನೇ ಬುಟ್ಬುಟ್ಟೆ."

ಅಷ್ಟಕ್ಕೆ ಮುಗಿಯಲಿಲ್ಲ. ಗುಂಪಿನ ಗಂಡಸರು ಡ್ರೋನಿನ ಒಳಗಿನ ಕಾರ್ಡ್ ಕೇಳಿದರು. ಉಗುರಿನಷ್ಟು ಚಿಕ್ಕದು, ತೆಗೆದ ಚಿತ್ರವೆಲ್ಲ ಅದರಲ್ಲೇ ಇರುತ್ತದೆ. "ಆಕಿ ನೋಡಾಣ. ಏನೂ ಇಲ್ದಿದ್ರೆ ನಿನ್ ಪಾಡಿಗೆ ನೀನು ಓಗು. ಇದ್ರೆ ಸ್ಟೇಷನ್ನು."

ಓದುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಗಾಳಿಗೆ ತೂರಿ ಬಂದ ಡ್ರೋನ್ ಅದು. ಅದರಲ್ಲಿ ಏನೂ ಮೂಡಿರದೇ ಇರಬಹುದಿತ್ತು. ಅಲ್ಲೇ ಒಂದು ಫೋನಿಗೆ ಹಾಕಿ ತೋರಿಸಿದ್ದರೆ ಅವರ ಮಾನ ಅಲ್ಲೇ ಉಳಿಯುವ ಸಾಧ್ಯತೆ ಇತ್ತು. ಅವರು ಕಾರ್ಡ್ ತೆಗೆದು ಮುಷ್ಟಿಯಲ್ಲಿ ಹಿಡಿದರು.

"ಇದ್ರಲ್ಲಿ ಏನದೆ ಅಂತ ನಂಗೂ ಗೊತ್ತಿಲ್ಲ. ಇದ್ರೂ ಇರ್ಬೋದು. ಅದ್ನ ನೋಡೋ ಅಕ್ಕು ಇಲ್ಲಿ ನಿಂತಿರೋ ಒಬ್ಬ ಗಂಡಸ್ಗೂ ಇಲ್ಲ. ನಂಗೂ ಇಲ್ಲ."

"ಅಂಗಾರೆ ಸಿಕ್ಕಾಕಂಡೆ ಅನ್ನು!"

"ಅನ್ಕಳ್ರಪ್ಪ" ಎಂದರು. ಮುಷ್ಟಿ ಬಿಚ್ಚಲಿಲ್ಲ.

ಬಾಗಿಲ ಹತ್ತಿರ ಹೋಗಿ, ಒಳಗೆ ನೋಡದೆ, ಹೊಸಲಿನ ಮೇಲೆ ಕಾರ್ಡ್ ಇಟ್ಟರು. "ಕೂಸೇ, ಇದು ನಿಂದು. ಒಲೆಗಾಕು." ನಕಲು ಉಳಿದಿದ್ದ ಫೋನನ್ನೂ ಆ ಹುಡುಗಿಯ ಕೈಗೇ ಕೊಟ್ಟು, ಬಾಗಿಲ ಈಚೆ ಮುಖ ತಿರುಗಿಸಿ ನಿಂತು, ಎಲ್ಲಿ ಒತ್ತಿದರೆ ಅಳಿಯುತ್ತದೆ ಎಂದು ಹೇಳಿಕೊಟ್ಟರು. ಕಾರ್ಡ್ ಅನ್ನು ಪುಟ್ಟಮಾದಮ್ಮ ಹಂಡೆ ಒಲೆಗೆ ಎಸೆದಳು. ಸುಟ್ಟ ವಾಸನೆ ಒಂದು ಗಳಿಗೆ ಬಂತು, ಹೋಯಿತು.

ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ನಾನು ಹೋದೆ. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. "ಅದ್ರಲ್ಲಿ ಉಣಿಸೆಮರಗಳಿದ್ವು ಕಣಯ್ಯ."

ರಸ್ತೆ ಅಗಲ ಮಾಡಲು ಕೊಳ್ಳೇಗಾಲದ ರಸ್ತೆಯ ಹಳೆಯ ಹುಣಸೆಮರಗಳಿಗೆ ಬಣ್ಣದ ಗುರುತು ಹಾಕಿದ್ದರು. ಮೂವತ್ತು ವರ್ಷ ಆ ಮರಗಳ ಕೆಳಗೆ ಹೋಗಿಬಂದ ಮನುಷ್ಯ, ಒಮ್ಮೆಯಾದರೂ ಅವುಗಳ ತಲೆ ನೋಡಬೇಕೆಂದು ಅವತ್ತು ಹೊತ್ತು ಹುಟ್ಟುವಾಗಲೇ ಹೋಗಿ ಸಾಲುದ್ದಕ್ಕೂ ಚಿತ್ರ ತೆಗೆದಿದ್ದರು. ಅಲ್ಲಿಂದ ನೇರ ನಮ್ಮೂರಿಗೆ ಬಂದದ್ದು. ಮಾರನೆಯ ಬೆಳಿಗ್ಗೆಯೇ ಮರಗಳನ್ನು ಕಡಿಯುವುದಿತ್ತು, ಕಡಿದರು. ಕಾರ್ಡ್ ಹೊಸಲಿನ ಮೇಲೆ ಇಡುವಾಗ ಅವರಿಗೆ ಅದು ಗೊತ್ತಿತ್ತು. ಅಲ್ಲಿ ಆ ಮಾತು ಎತ್ತಲಿಲ್ಲ.

ಊರಿನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಏನೂ ಇಲ್ಲದಿದ್ದರೆ ಸುಡಿಸುತ್ತಿದ್ದನೇ ಎಂದರು. ಮಾತು ಮುಳ್ಳೂರಿನಿಂದ ಬಸ್ಸು ಹತ್ತಿ ಕಾಮಗೆರೆಗೂ ಹೋಯಿತು. ಹೆಣ್ಣುಮಕ್ಕಳು ರಾತ್ರಿ ಕೊನೆಯ ಬಸ್ಸಿಗೆ ಹತ್ತುವಾಗ ಇವರ ಮುಖ ಕಂಡರೆ ಧೈರ್ಯ ಎನ್ನುತ್ತಿದ್ದ ಕಾಲ ಒಂದಿತ್ತು. ಆ ಹೆಸರೇ ಅವರ ಗಳಿಕೆ. ಅದು ಒಂದು ಬೆಳಿಗ್ಗೆಯಲ್ಲಿ ಹೋಗಿತ್ತು.

ಬೇರೆಯವರಾಗಿದ್ದರೆ ಡ್ರೋನ್ ಅಟ್ಟಕ್ಕೆ ಹಾಕಿ ಮುಳ್ಳೂರಿನ ಕಡೆ ಕಾಲಿಡುತ್ತಿರಲಿಲ್ಲ. ಇವರು ಮುಂದಿನ ಭಾನುವಾರವೇ ಹತ್ತು ಗಂಟೆಯ ಬಸ್ಸಿಗೆ ಬಂದು ನನ್ನ ಮನೆ ಮುಂದೆ ನಿಂತರು.

"ಆ ಕೂಗು ಏಳ್ಕೊಡಯ್ಯ ನಂಗೆ."

ನನಗೆ ನಗು ಬಂತು. ಅಷ್ಟು ಓದಿದ, ಸರ್ಕಾರದ ನಿಯಮವನ್ನೆಲ್ಲ ಬಾಯಿಪಾಠ ಮಾಡಿದ ಮನುಷ್ಯ ನನ್ನ ಹತ್ತಿರ ಪಾಠ ಕೇಳುತ್ತಿದ್ದಾರೆ. ಆದರೆ ಹೇಳಿಕೊಟ್ಟೆ. ದನಿ ಹೊಟ್ಟೆಯಿಂದ ಬರಬೇಕು, ಕೊನೆಯ ಓಕಾರ ಎಳೆಯಬೇಕು, ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಒಬ್ಬಳು ಸೀರೆ ಸುತ್ತಿಕೊಳ್ಳುವಷ್ಟು ಹೊತ್ತು ಬಿಡಬೇಕು. ಅದನ್ನು ಕೇಳಿ ಅವರು ಪೆನ್ಸಿಲ್ ತೆಗೆದು ಬರೆದುಕೊಂಡರು. ನೋಟ್‌ಬುಕ್ಕಿನಲ್ಲಿ ಊರು, ಹೊತ್ತು, ಎತ್ತರ, ಗಾಳಿ ಆದಮೇಲೆ ಐದನೆಯ ಗೆರೆ ಎಳೆದು ಮೇಲೆ "ಕೂಗು" ಎಂದು ಬರೆದರು. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಆ ನಿಯಮ ನಮ್ಮಪ್ಪನದು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಆಮೇಲೆ ಪ್ರತಿ ಭಾನುವಾರವೂ ಬಂದರು. ಕೆರೆ ಏರಿಯ ಮೇಲೆ ಕಾಲಗಲಿಸಿ ನಿಂತು, ಊರಿನ ಕಡೆ ಮುಖ ಮಾಡಿ ಕೂಗುವರು. "ಡ್ರೋನ್ ಆರ್ಸ್ತೀನಿ ಕಣ್ರವ್ವೋ..." ಮೂರು ಸಲ. ನಂತರ ಕಾಯುವರು. ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತುತ್ತಿರಲಿಲ್ಲ. ಯಾರಾದರೂ ಪೋಲಿ "ರೈಟ್ ರೈಟ್, ಓಗು ಮನೆಗೆ" ಎಂದು ಅಣಕಿಸುತ್ತಿದ್ದ. ಅವರು ಐದನೆಯ ಗೆರೆಯಲ್ಲಿ "ಉತ್ತರ ಇಲ್ಲ" ಎಂದು ಬರೆದು, ಡ್ರೋನನ್ನು ಪೆಟ್ಟಿಗೆಯಿಂದ ಹೊರಗೂ ತೆಗೆಯದೆ ಹನ್ನೆರಡರ ಬಸ್ಸು ಹಿಡಿಯುವರು.

ನನಗೆ ನೋಡಿ ಸಾಕಾಯಿತು. "ಸಾ, ನಾನೇ ಓ ಅಂತೀನಿ, ಆರ್ಸಿ. ಊರೋನೇ ಅಲ್ವಾ ನಾನು?"

"ಪ್ಯಾಸೆಂಜರ್ ಅತ್ತಿದ್ನಾ ಇಲ್ವಾ ಅಂತ ಅಂಗಡಿಯೋನ್ನ ಕೇಳಾಕಾಯ್ತದಾ? ಮೆಟ್ಲ ಮ್ಯಾಲೆ ಕಾಲಿಟ್ಟೋರೇ ಏಳ್ಬೇಕು."

ಈ ನಡುವೆ ಯಳಂದೂರಿನ ಕಡೆಯ ಮಾಂಬಳ್ಳಿಯ ಒಬ್ಬ ದೊಡ್ಡ ಕುಳ ಇವರನ್ನು ಕರೆಸಿದ್ದ. ಜೊತೆಗೆ ನಾನೂ ಹೋಗಿದ್ದೆ. ಮಗನ ಮದುವೆ ಚಿತ್ರಕ್ಕೆ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮೇಲಿಂದ ತೆಗೆದುಕೊಡಬೇಕಂತೆ. ಇವರು ಆಗದು ಎಂದರು. ಅದು ಹುಲಿ ಕಾಡು, ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಅಲ್ಲಿ ಹಾರಿಸುವಂತಿಲ್ಲ.

"ಇಲಾಖೇಲಿ ನಮ್ಮೋರೇ ಅವ್ರೆ ಕಣ್ರಿ. ನಾನ್ ಏಳ್ತೀನಿ" ಎಂದ ಆತ.

"ಇಲಾಖೆಯೋರು ನಿಮ್ಮೋರು ಸರಿ ಸಾಮಿ. ಮರಿ ಆಕಿರೋ ಆನೆ ನಿಮ್ಮೋರಾ?"

ಆತನ ಮುಖ ಕೆಂಪಾಯಿತು. "ಮುಳ್ಳೂರಲ್ಲಿ ಬಚ್ಲು ಮ್ಯಾಲೆ ಆರ್ಸಾಕೆ ಯಾವ್ ಇಲಾಖೆ ಅಪ್ಪಣೆ ಇತ್ತಂತೆ?"

ಕೂತಿದ್ದವರೆಲ್ಲ ನಕ್ಕರು. ನನ್ನ ಕೈ ಮಚ್ಚನ್ನು ಹುಡುಕಿತು, ಸದ್ಯ ಮನೆಯಲ್ಲಿತ್ತು. ಕಂಡಕ್ಟರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಇರ್ಲಿಲ್ಲ ಸಾಮಿ. ಅದ್ಕೇ ವಾರವಾರ ಓಗಿ ಕೇಳ್ತಾವ್ನಿ" ಎಂದು ಎದ್ದರು. ಅವರ ಹಿಂದೆ ಆ ಜಗಲಿ ಇಳಿದು ಬರುವಾಗ ನನಗೆ ನನ್ನ ಎತ್ತರ ಒಂದಡಿ ಹೆಚ್ಚಿದಂತಿತ್ತು.

ಮುಂಗಾರು ಮುಗಿಯಿತು. ಕೆರೆ ತುಂಬಿತು. ಹೊಲದಲ್ಲಿ ರಾಗಿ ತೆನೆ ತೂಗಿತು. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು "ಮುಳ್ಳೂರು, ಮೂರು ಕೂಗು, ಉತ್ತರ ಇಲ್ಲ" ಎಂದು ಒಂದು ಹಾಳೆ ತುಂಬಿ ಇನ್ನೊಂದಕ್ಕೆ ದಾಟಿತು.

ಅಂಥ ಒಂದು ಭಾನುವಾರ ನಾನು ಅವರ ಪಕ್ಕದಲ್ಲೇ ಏರಿಯ ಮೇಲಿದ್ದೆ. ಒಂದು ಕೂಗಾಯಿತು. ಎರಡಾಯಿತು. ಮೂರನೆಯದಕ್ಕೆ ಅವರ ದನಿ ಒಡೆದಿತ್ತು, ನೆಗಡಿ ಬೇರೆ. ಎಂದಿನಂತೆ ಪೆನ್ಸಿಲಿಗೆ ಕೈ ಹಾಕಿದರು. ಆಗ ಪುಟ್ಟಮಾದಮ್ಮನ ಹಿತ್ತಲ ಕಡೆಯಿಂದ ಹೆಣ್ಣುದನಿಯೊಂದು ಕೆರೆ ನೀರಿನ ಮೇಲೆ ಜಾರಿ ಬಂದಂತೆ ಬಂತು.

"ರೈಟ್!"

ಸೊಸೆ. ಕಂಕುಳಲ್ಲಿ ಬಿಂದಿಗೆ, ತಲೆಯ ಮೇಲೆ ಸೆರಗು, ಬೇಲಿ ದಾಟಿ ಬಂದು ನಿಂತಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆ ಬಾಗಿಲಿಗೆ ಬಂದು "ಏನವ್ವಾ ಅದು?" ಎಂದಳು.

ಹುಡುಗಿ ಅತ್ತೆಗೆ ಹೇಳುವಂತೆ, ಆದರೆ ಇಡೀ ಏರಿಗೆ ಕೇಳುವಂತೆ ಹೇಳಿದಳು. "ಅವತ್ತು ಗಂಡಸ್ರೆಲ್ಲ ನೋಡಾಣ ನೋಡಾಣ ಅಂದ್ರಲ್ಲ ಅತ್ತೆ, ನಮ್ಮೂರೋರೇ. ಬ್ಯಾಡ ಅಂದಿದ್ದು ಅವ್ರೊಬ್ರೇ. ಎಷ್ಟು ವಾರ ಅಂತ ಕೂಗ್ತಾರೆ? ಆರ್ಸ್ಲಿ."

ಪುಟ್ಟಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಕೂಗಿದಳು. "ಆರ್ಸಪ್ಪೋ ಕಂಡಕ್ಟ್ರೇ! ನಮ್ ಕೆರೆ ಎಂಗದೆ ಅಂತ ನಮ್ಗೂ ತೋರ್ಸು!"

ಅವರು ಪೆಟ್ಟಿಗೆ ತೆಗೆದರು. ಡ್ರೋನ್ ಕೈಗೆ ತೆಗೆದುಕೊಂಡರು. ಕೈ ನಡುಗುತ್ತಿತ್ತು. ಮತ್ತೆ ಒಳಗಿಟ್ಟು ಮುಚ್ಚಿದರು.

"ಯಾಕ್ಸಾ?"

"ಇವತ್ತು ಬ್ಯಾಡ ಕಣಯ್ಯ. ಕೈ ನಡುಗ್ತಾ ಆರ್ಸ್ಬಾರ್ದು. ರೈಟ್ ಸಿಕ್ತಲ್ಲ, ಬಸ್ಸು ಎಲ್ಲಿಗೋದಾತು."

ಮುಂದಿನ ಭಾನುವಾರ ಹಾರಿಸಿದರು. ಹೆಂಗಸರೇ ಸುತ್ತ ನಿಂತು ಫೋನಿನಲ್ಲಿ ಕೆರೆ ನೋಡಿದರು. ನಾನು ಆ ಹೊತ್ತಿಗೆ ಪುಟ್ಟಮಾದಮ್ಮನ ಅದೇ ಮರದಲ್ಲಿದ್ದೆ. ಕಂಡಕ್ಟರು ಕೆಳಗಿನಿಂದ ಕೂಗಿದರು. "ಲೇ ತಮ್ಮಾ, ನಿನ್ದೊಂದು ತಗೀತೀನಿ. ತಲೆ ಮ್ಯಾಲೆ ಬರಂಗಿಲ್ಲ, ರೂಲ್ಸು. ಪಕ್ಕದಿಂದ ತಗೀತೀನಿ. ನಿನ್ ಕೆಲ್ಸ ನೀನು ಮಾಡು."

ಆ ಚಿತ್ರ ಈಗ ನನ್ನ ಮನೆಯ ಗೋಡೆಯ ಮೇಲಿದೆ. ಕೆರೆ, ಗದ್ದೆ, ಹೆಂಚಿನ ಮನೆಗಳು, ಎಲ್ಲದರ ನಡುವೆ ಒಂದು ತೆಂಗಿನಮರ, ಅದರ ಸುಳಿಯಲ್ಲಿ ಒಂದು ಕೈ ಗರಿ ಹಿಡಿದು ಒಂದು ಕೈ ಗೊನೆಗೆ ಚಾಚಿದ ನಾನು. ಬೆನ್ನು ಕಾಣುತ್ತದೆ, ಹೆಗಲ ಮೇಲಿನ ಹಳೆಯ ಗಾಯದ ಗುರುತೂ ಕಾಣುತ್ತದೆ. ಇಷ್ಟು ವರ್ಷ ಎಲ್ಲರನ್ನೂ ಮೇಲಿಂದ ನೋಡಿದವನು ನಾನು. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ನನ್ನ ಹೆಂಡತಿ ಅದನ್ನು ನೋಡಿ, "ಇಷ್ಟೆತ್ರಕ್ಕಾ ನೀವು ಓಗಾದು?" ಎಂದಳು. ಶಾಲೆ ಬಿಟ್ಟದ್ದಕ್ಕೆ ಇದ್ದ ಒಂದು ಸಣ್ಣ ನಾಚಿಕೆ ನನಗೆ ಅವತ್ತು ಹೋಯಿತು.

ಹುಣಸೆಮರಗಳ ಮಾತು ಅವರು ಮತ್ತೆ ಎತ್ತಿದ್ದು ಒಮ್ಮೆ ಮಾತ್ರ. ಕಡಿದು ಬಯಲಾದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. "ನೀನು ಮರದ ಮ್ಯಾಲಿಂದ ಅವ್ನ ನೋಡಿದ್ಯಲ್ಲಯ್ಯ. ಎಂಗಿದ್ವು ಏಳು." ನನಗೆ ನೆನಪಿದ್ದಷ್ಟು ಹೇಳಿದೆ. ಬೇಸಿಗೆಯಲ್ಲಿ ಚಿಗುರಿದಾಗ ಒಂದು ಬಣ್ಣ, ಕಾಯಿ ತುಂಬಿದಾಗ ಇನ್ನೊಂದು. ಎರಡೂ ಬದಿಯ ಕೊಂಬೆಗಳು ನಡುವೆ ಕೂಡಿ, ದಾರಿಯೇ ಕಾಣದೆ, ಬಸ್ಸು ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಬರುವುದು. ಅವರು ಕಣ್ಣು ಮುಚ್ಚಿ ಕೇಳಿದರು. "ಸಾಕು, ಕಂಡ್ವು" ಎಂದರು.

ಅವರು ಹೋದಾಗ ಮುಳ್ಳೂರಿನಿಂದ ಒಂದು ಟೆಂಪೋ ಹೆಂಗಸರು ಕಾಮಗೆರೆಗೆ ಹೋಗಿದ್ದರು. ಪುಟ್ಟಮಾದಮ್ಮ ಮುಂದಿನ ಸೀಟಿನಲ್ಲಿದ್ದಳು. ಡ್ರೋನನ್ನು ಮಗಳು ಮೈಸೂರಿಗೆ ಒಯ್ದಳು. ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಐದನೆಯ ಗೆರೆ ಇನ್ನೂ ಗಟ್ಟಿ ಕೆಂಪಗಿದೆ.

ಮೊನ್ನೆ ಪುಟ್ಟಮಾದಮ್ಮನ ಹಟ್ಟಿಯ ಮರಕ್ಕೆ ಹೋಗಿದ್ದೆ. ಅವಳ ಬಚ್ಚಲಿಗೆ ಈಗ ಶೀಟಿನ ಸೂರು ಬಿದ್ದಿದೆ. ಮೇಲಿಂದ ನೋಡಿದರೆ ತಗಡು ಹೊಳೆಯುವುದು ಬಿಟ್ಟು ಏನೂ ಕಾಣುವುದಿಲ್ಲ. ಆದರೂ ಬುಡದಲ್ಲಿ ನಿಂತು ಮೂರು ಸಲ ಕೂಗಿದೆ. ಒಬ್ಬಳು ಸೀರೆ ಸುತ್ತಿಕೊಳ್ಳುವಷ್ಟು ಹೊತ್ತು ಬಿಟ್ಟುಬಿಟ್ಟು ಕೂಗಿದೆ. ನಮ್ಮೂರ ಹೆಂಗಸರು ಈಗ "ಅತ್ತಣ್ಣೋ" ಎನ್ನುವುದಿಲ್ಲ.

ಸೂರಿನ ಕೆಳಗಿನಿಂದ, ನೀರು ಸುರಿಯುವ ಸದ್ದಿನ ನಡುವೆ ದನಿ ಬಂತು. "ರೈಟ್!"

ಕಾಲಿಗೆ ಹಗ್ಗ ಹಾಕಿದೆ. ಹತ್ತಿದೆ.